ಹದಿಹರೆಯದ ಮನಸ್ಸು: ನಮಗೇನಾಗುತ್ತಿದೆ?

ಪಿಯುಸಿಗೆ ಸೇರಿದ ಮೇಲೆ ನಮ್ಮಂಥವರು ಮನೆಯಲ್ಲಿ ಎರಡು ಮಾತುಗಳನ್ನು ಪದೇ ಪದೇ ಕೇಳುತ್ತೇವೆ. "ದೊಡ್ಡಾಕಿ ಆಗೀದಿ, ಹೊರಗ ಯಾಕ ನಿಂತಿ?" ಎನ್ನುವುದು ಒಂದು. "ನೀ ಇನ್ನಾ ಸಣ್ಣಾಕಿ ಅದಿ, ನಿನಗೇನ ತಿಳೀತದ?" ಎನ್ನುವುದು ಇನ್ನೊಂದು. ಎರಡೂ ಒಂದೇ ದಿನ, ಕೆಲವೊಮ್ಮೆ ಒಂದೇ ತಾಸಿನೊಳಗೆ ಬರುತ್ತವೆ. ನಮ್ಮ ಮನೆಯಲ್ಲಿ ದಾದಿ ಇದನ್ನು ದಖನಿಯಲ್ಲಿ ಹೇಳುತ್ತಾರೆ, ಪಕ್ಕದ ಮನೆಯ ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ. ಮಾತು ಮಾತ್ರ ಒಂದೇ. ಹುಡುಗರ ಪಾಡೂ ಬೇರೆಯಲ್ಲ. ಕಬ್ಬಿಗೆ ನೀರು ಹಾಯಿಸಲು ಅವರು ದೊಡ್ಡವರು, ಮನೆಯ ವಿಷಯದಲ್ಲಿ ಬಾಯಿ ಹಾಕಿದರೆ ಸಣ್ಣವರು.

ವಿಚಾರ ಮಾಡಿ ನೋಡಿದರೆ ಹಿರಿಯರ ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ. ನಾವು ಚಿಕ್ಕವರೂ ಅಲ್ಲ, ದೊಡ್ಡವರೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ವಯಸ್ಸನ್ನು ಹದಿಹರೆಯ ಎಂದು ಕರೆಯುತ್ತದೆ. ಅಂದರೆ ನಮ್ಮ ಕಾಲೇಜಿನ ಹೆಚ್ಚುಕಡಿಮೆ ಎಲ್ಲ ವಿದ್ಯಾರ್ಥಿಗಳೂ ಈ ಘಟ್ಟದ ಕೊನೆಯ ಭಾಗದಲ್ಲಿದ್ದೇವೆ. ಈ ವಯಸ್ಸಿನಲ್ಲಿ ದೇಹ ಬದಲಾಗುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಮನಸ್ಸು ಬದಲಾಗುವುದು ಕಾಣುವುದಿಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮನಸ್ಸು ಬೆಳೆಯುವ ಹಂತಗಳು

ಮನಸ್ಸು ಹುಟ್ಟಿದಾಗಲೇ ಪೂರ್ತಿಯಾಗಿ ಸಿದ್ಧವಾಗಿರುವುದಿಲ್ಲ. ಅದು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಇದನ್ನು ಸರಳವಾಗಿ ವಿವರಿಸಿದವರಲ್ಲಿ ಎರಿಕ್ ಎರಿಕ್ಸನ್ ಪ್ರಮುಖರು. 1950ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ವಿಂಗಡಿಸಿದರು. ಪ್ರತಿ ಹಂತದಲ್ಲಿಯೂ ಮನಸ್ಸಿನ ಮುಂದೆ ಒಂದು ಪ್ರಶ್ನೆ ಇರುತ್ತದೆ. ಇದೇ ಎರಿಕ್ಸನ್ ಮುಂದೆ ಅಹ್ಮದಾಬಾದಿಗೆ ಬಂದು, ಗಾಂಧೀಜಿಯವರ ಬಗ್ಗೆಯೂ ಒಂದು ಪುಸ್ತಕ ಬರೆದರು.

ಮೊದಲ ವರ್ಷದ ಮಗುವಿನ ಪ್ರಶ್ನೆ, "ಈ ಲೋಕವನ್ನು ನಂಬಬಹುದೇ?" ಅತ್ತಾಗ ಯಾರಾದರೂ ಎತ್ತಿಕೊಂಡರೆ, ಹಸಿದಾಗ ಹಾಲು ಸಿಕ್ಕರೆ ಉತ್ತರ "ಹೌದು" ಎಂದಾಗುತ್ತದೆ. ಎರಡು ಮೂರು ವರ್ಷದ ಮಗು "ನಾನೇ ಮಾಡ್ತೀನಿ" ಎಂದು ಹಟ ಹಿಡಿಯುತ್ತದೆ. ಚಪ್ಪಲಿ ಉಲ್ಟಾ ಹಾಕಿಕೊಂಡರೂ ತಾನೇ ಹಾಕಿಕೊಳ್ಳಬೇಕು. ಅದು ಮೊಂಡುತನವಲ್ಲ, ಸ್ವಂತಿಕೆಯ ಮೊದಲ ಪಾಠ. ಮೂರರಿಂದ ಐದು ವರ್ಷದಲ್ಲಿ ಪ್ರಶ್ನೆಗಳ ಮಳೆ ಬರುತ್ತದೆ. ಆರರಿಂದ ಹನ್ನೆರಡರವರೆಗೆ, ಶಾಲೆಯ ದಿನಗಳಲ್ಲಿ, "ನನಗೆ ಏನಾದರೂ ಮಾಡಲು ಬರುತ್ತದೆಯೇ?" ಎಂಬುದೇ ದೊಡ್ಡ ಚಿಂತೆ. ಆಗ ದಿನಾಲೂ "ದಡ್ಡ" ಎಂದು ಕರೆಸಿಕೊಂಡ ಹುಡುಗ ಅದನ್ನೇ ನಿಜವೆಂದು ನಂಬಿ ಬೆಳೆಯುವ ಸಾಧ್ಯತೆ ಇದೆ.

ಹದಿಹರೆಯಕ್ಕೆ ಬಂದಾಗ ಪ್ರಶ್ನೆ ಒಂದೇ ಆಗುತ್ತದೆ: "ನಾನು ಯಾರು?" ಅಬ್ಬಾನ ಮಗ, ಊರಿನ ಹುಡುಗ, ಇಂಥ ಜಮಾತಿನವ ಎಂಬುದೆಲ್ಲ ಹುಟ್ಟಿನಿಂದ ಬಂದದ್ದು. ಅದರಾಚೆ ನಾನು ಏನು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಹುಡುಗರು ತಲೆಗೂದಲಿನ ಕಟಿಂಗ್ ಬದಲಿಸುತ್ತಾರೆ, ಗೆಳೆಯರನ್ನು ಬದಲಿಸುತ್ತಾರೆ. ಇಂದು ಪೊಲೀಸ್ ಆಗುತ್ತೇನೆ ಎಂದವರು ನಾಳೆ ನರ್ಸಿಂಗ್ ಎನ್ನುತ್ತಾರೆ. ಮನೆಯವರಿಗೆ ಇದು ಚಂಚಲತೆಯಾಗಿ ಕಾಣುತ್ತದೆ. ಎರಿಕ್ಸನ್ ಪ್ರಕಾರ ಇದು ಈ ವಯಸ್ಸಿನ ಕೆಲಸವೇ ಆಗಿದೆ. ಅಂಗಿ ಕೊಳ್ಳುವ ಮುಂಚೆ ನಾಲ್ಕು ಅಂಗಿ ತೊಟ್ಟು ನೋಡುವ ಹಾಗೆ.

ಇನ್ನೊಂದು ಮಾತು ಜಾನ್ ಬೌಲ್ಬಿ ಎಂಬ ಇಂಗ್ಲಿಷ್ ವೈದ್ಯರದ್ದು. ಮಗು ತನ್ನನ್ನು ನೋಡಿಕೊಳ್ಳುವವರೊಂದಿಗೆ ಕಟ್ಟಿಕೊಳ್ಳುವ ಬಾಂಧವ್ಯವೇ ಅದರ ಧೈರ್ಯದ ಬೇರು ಎಂದು ಅವರು ತೋರಿಸಿದರು. ಅಂಗಳದಲ್ಲಿ ಆಡುವ ಮಗು ನಡುನಡುವೆ ಓಡಿಬಂದು ಅಮ್ಮಿಯ ಸೆರಗು ಮುಟ್ಟಿ ಮತ್ತೆ ಆಟಕ್ಕೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಹಿಂದೆ ಯಾರೋ ಇದ್ದಾರೆ ಎಂಬ ಭರವಸೆ ಇದ್ದರೆ ಮಾತ್ರ ಮಗು ದೂರ ಹೋಗಬಲ್ಲದು. ನಾವು ಹದಿನೇಳು ವರ್ಷದವರಾದರೂ ಇದು ಬದಲಾಗಿಲ್ಲ. ಸೆರಗು ಹಿಡಿಯುವುದಿಲ್ಲ ಅಷ್ಟೇ.

ಮಿದುಳಿನೊಳಗೆ ನಡೆಯುವುದು

ಹದಿಹರೆಯವನ್ನು "ಬಿರುಗಾಳಿಯ ಕಾಲ" ಎಂದು 1904ರಲ್ಲಿಯೇ ಅಮೆರಿಕದ ಸ್ಟ್ಯಾನ್ಲಿ ಹಾಲ್ ವರ್ಣಿಸಿದ್ದರು. ಎಲ್ಲರಿಗೂ ಬಿರುಗಾಳಿಯೇ ಬೀಸುವುದಿಲ್ಲ, ಎಷ್ಟೋ ಮಂದಿ ಶಾಂತವಾಗಿಯೇ ದಾಟುತ್ತಾರೆ ಎಂದು ನಂತರದವರು ತಿದ್ದಿದರು. ಆದರೂ ಗಾಳಿ ಇರುವುದು ನಿಜ. ಅದರ ಕಾರಣ ಸ್ವಲ್ಪ ಮಟ್ಟಿಗೆ ಮಿದುಳಿನಲ್ಲಿದೆ.

ಮಿದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಬೆಳೆಯುವುದಿಲ್ಲ. ಸಿಟ್ಟು, ಭಯ, ಸಂತೋಷಗಳನ್ನು ನೋಡಿಕೊಳ್ಳುವ ಒಳಭಾಗಗಳು ಹದಿಹರೆಯದ ಆರಂಭದಲ್ಲಿಯೇ ಚುರುಕಾಗುತ್ತವೆ. ಹಣೆಯ ಹಿಂದಿರುವ ಭಾಗದ ಕೆಲಸವೇ ಬೇರೆ. ಅದು ತಾಳ್ಮೆಯಿಂದ ಯೋಚಿಸುತ್ತದೆ, ಪರಿಣಾಮ ಲೆಕ್ಕ ಹಾಕುತ್ತದೆ, "ತಡಿ, ಬ್ಯಾಡ" ಎಂದು ತಡೆಯುತ್ತದೆ. ಆ ಭಾಗ ಪೂರ್ತಿ ಪಕ್ವವಾಗಲು ಸುಮಾರು 25 ವರ್ಷ ಬೇಕು. ಎಂಜಿನ್ ಜೋರಾಗಿದೆ, ಬ್ರೇಕ್ ಇನ್ನೂ ಕೂಡಿಸುತ್ತಿದ್ದಾರೆ ಎಂದರೆ ಟ್ರ್ಯಾಕ್ಟರ್ ಓಡಿಸುವ ನಮ್ಮ ಹುಡುಗರಿಗೆ ಬೇಗ ಅರ್ಥವಾದೀತು.

ಇದಕ್ಕೇ ಒಬ್ಬನೇ ಇದ್ದಾಗ ಬುದ್ಧಿವಂತನಾಗಿರುವ ಹುಡುಗ, ನಾಲ್ಕು ಗೆಳೆಯರು ಹಿಂದೆ ಕುಳಿತಾಗ ಬೈಕನ್ನು ಬೇರೆ ರೀತಿಯಲ್ಲಿ ಓಡಿಸುತ್ತಾನೆ. ಗೆಳೆಯರ ಮೆಚ್ಚುಗೆ ಈ ವಯಸ್ಸಿನ ಮಿದುಳಿಗೆ ಬಹಳ ಸಿಹಿ. ಇದಕ್ಕೇ ಒಂದು ಸಣ್ಣ ಮಾತಿಗೆ ಕಣ್ಣೀರು ಬರುತ್ತದೆ, ಅರ್ಧ ತಾಸಿನ ನಂತರ ಅದೇ ಮಾತಿಗೆ ನಗು ಬರುತ್ತದೆ. ಇದನ್ನು ತಿಳಿದುಕೊಂಡರೆ "ನಾನೇ ಕೆಟ್ಟವ" ಎಂಬ ಭಾವನೆ ಕಡಿಮೆಯಾಗುತ್ತದೆ. ಹಾಗೆಂದು "ನನ್ನ ಮಿದುಳು ಬೆಳೆದಿಲ್ಲ, ನಾನೇನು ಮಾಡಲಿ" ಎಂದು ತಪ್ಪಿಸಿಕೊಳ್ಳಲೂ ಬರುವುದಿಲ್ಲ. ಬ್ರೇಕ್ ಬಲವಾಗುವುದು ಬಳಸಿದಾಗಲೇ. ಸಿಟ್ಟು ಬಂದ ಕೂಡಲೇ "ನನಗೀಗ ಸಿಟ್ಟು ಬಂದಿದೆ" ಎಂದು ಮನಸ್ಸಿನಲ್ಲಿ ಹೆಸರಿಟ್ಟು ಹೇಳಿಕೊಳ್ಳುವುದು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದು, ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬರೆದರೂ ಹತ್ತು ನಿಮಿಷ ಕಳಿಸದೆ ಇರುವುದು, ಇವೆಲ್ಲ ಆ ಬ್ರೇಕಿನ ಅಭ್ಯಾಸಗಳೇ.

"ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ"

ಡೇವಿಡ್ ಎಲ್ಕಿಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಹದಿಹರೆಯದವರ ಒಂದು ಗುಣವನ್ನು ಗುರುತಿಸಿದರು. ಈ ವಯಸ್ಸಿನವರು ತಮ್ಮ ಸುತ್ತ ಕಾಣದ ಪ್ರೇಕ್ಷಕರು ಕುಳಿತಿದ್ದಾರೆ ಎಂದುಕೊಂಡೇ ಬದುಕುತ್ತಾರೆ ಎಂಬುದು ಅವರ ಮಾತು. ಮುಖದಲ್ಲಿ ಒಂದು ಮೊಡವೆ ಎದ್ದರೆ ಇಡೀ ಕಾಲೇಜು ಅದನ್ನೇ ನೋಡುತ್ತಿದೆ ಎನಿಸುತ್ತದೆ. ನಿಜ ಏನೆಂದರೆ, ಎದುರಿಗೆ ಕುಳಿತವರು ತಮ್ಮ ಮೊಡವೆಯ ಚಿಂತೆಯಲ್ಲಿರುತ್ತಾರೆ.

ನಮ್ಮ ತರಗತಿಯಲ್ಲಿ ಇದರ ದೊಡ್ಡ ರೂಪ ಕಾಣುವುದು ಭಾಷೆಯ ವಿಷಯದಲ್ಲಿ. ನಮ್ಮಲ್ಲಿ ಹಲವರು ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಬಂದವರು. ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ, ಪಿಯುಸಿ ವಿಜ್ಞಾನದ ಪುಸ್ತಕದಲ್ಲಿ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರಿಗೂ ಇಂಗ್ಲಿಷ್ ಪುಸ್ತಕ ಹೊಸದೇ. ಹತ್ತನೆಯ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೈ ಎತ್ತುತ್ತಿದ್ದವರು ಇಲ್ಲಿ ಬಾಯಿ ತೆರೆಯುವುದಿಲ್ಲ. ತಪ್ಪು ಉಚ್ಚಾರಣೆಗೆ ಯಾರಾದರೂ ನಕ್ಕರೆ ಎಂಬ ಹೆದರಿಕೆ. ಉತ್ತರ ಗೊತ್ತಿರುತ್ತದೆ, ಶಬ್ದ ಸಿಗುವುದಿಲ್ಲ. ಕೆಲವೇ ತಿಂಗಳಲ್ಲಿ "ನಾನು ದಡ್ಡ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಎರಿಕ್ಸನ್ ಹೇಳಿದ ಹಿಂದಿನ ಮೆಟ್ಟಿಲಿನ ಪ್ರಶ್ನೆ, "ನನಗೆ ಏನಾದರೂ ಮಾಡಲು ಬರುತ್ತದೆಯೇ?" ಎಂಬುದು ಮತ್ತೆ ಎದ್ದು ನಿಲ್ಲುತ್ತದೆ. ಭಾಷೆ ಬರದಿರುವುದು ಬೇರೆ, ಬುದ್ಧಿ ಇಲ್ಲದಿರುವುದು ಬೇರೆ. ಇದನ್ನು ಉಪನ್ಯಾಸಕರು ಒಮ್ಮೆ ತರಗತಿಯಲ್ಲಿ ಬಾಯಿಬಿಟ್ಟು ಹೇಳಿದರೆ ಹಲವರ ಎದೆಯ ಕಲ್ಲು ಇಳಿಯುತ್ತದೆ.

ಪರೀಕ್ಷೆಯ ಹೆದರಿಕೆಯೂ ಹೀಗೆಯೇ. ಹೆದರಿಕೆ ಸ್ವಲ್ಪ ಇದ್ದರೆ ಓದಿಸುತ್ತದೆ, ಅತಿಯಾದರೆ ಓದಿದ್ದನ್ನೂ ಮರೆಸುತ್ತದೆ. ಫೇಲಾದರೆ ಬದುಕೇ ಮುಗಿಯಿತು ಎಂದು ನಂಬಿದವರು ತಿಳಿಯಬೇಕಾದ ಒಂದು ಸಂಗತಿ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ವ್ಯವಸ್ಥೆ ಬಂದಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಒಳ್ಳೆಯ ಅಂಕವೇ ಉಳಿಯುತ್ತದೆ. ಒಂದು ಬಾಗಿಲು ಮುಚ್ಚಿದರೆ ಅದೇ ವರ್ಷ ಇನ್ನೊಂದು ತೆರೆದಿರುತ್ತದೆ.

ನಿದ್ದೆಯ ಲೆಕ್ಕ

"ರಾತ್ರಿ ಮಲಗಂಗಿಲ್ಲ, ಮುಂಜಾನೆ ಏಳಂಗಿಲ್ಲ" ಎನ್ನುವುದು ಎಲ್ಲ ಮನೆಗಳ ದೂರು. ಇದಕ್ಕೆ ಮೊಬೈಲ್ ಒಂದು ಕಾರಣ, ಅದೊಂದೇ ಅಲ್ಲ. ನಿದ್ದೆ ತರಿಸುವ ಮೆಲಟೊನಿನ್ ಎಂಬ ರಸದೂತ ಹದಿಹರೆಯದಲ್ಲಿ ಚಿಕ್ಕ ಮಕ್ಕಳಿಗಿಂತ, ದೊಡ್ಡವರಿಗಿಂತ ತಡವಾಗಿ ಬಿಡುಗಡೆಯಾಗುತ್ತದೆ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ನಮ್ಮ ದೇವಣಗಾಂವದಿಂದ, ಸುತ್ತಲಿನ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿಯುವವರಿಗೆ ಅಷ್ಟು ಸಿಗುವುದು ಕಷ್ಟ. ನಿದ್ದೆ ಕಡಿಮೆಯಾದಾಗ ಮೊದಲು ಕೆಡುವುದು ನೆನಪು ಮತ್ತು ತಾಳ್ಮೆ. ಆದ್ದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದು ಓದುವುದು ನಷ್ಟದ ವ್ಯಾಪಾರ. ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿಯೇ.

2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ರಿಂದ 20ರವರೆಗೆ ನಡೆಯಿತು. ರಂಜಾನ್ ಉಪವಾಸ ಮಾರ್ಚ್ 2ರಂದು ಶುರುವಾಯಿತು. ತರಾವೀಹ್ ಮುಗಿಸಿ ಮಲಗಿ, ಸಹರಿಗೆ ಎದ್ದು, ಪರೀಕ್ಷೆಗೆ ಹೋದ ನಮ್ಮ ಸೀನಿಯರ್‌ಗಳನ್ನು ನೋಡಿದ್ದೇವೆ. ಚೆನ್ನಾಗಿ ನಿಭಾಯಿಸಿದವರು ಮಾಡಿದ್ದು ಸರಳ. ಸಹರಿಯ ನಂತರದ ಶಾಂತ ಸಮಯದಲ್ಲಿ ಓದಿದರು, ಪರೀಕ್ಷೆ ಮುಗಿಸಿ ಬಂದು ಮಧ್ಯಾಹ್ನ ಮಲಗಿದರು, ಮೊಬೈಲನ್ನು ಅಮ್ಮಿಯ ಕೈಗೆ ಕೊಟ್ಟರು.

ನಮ್ಮ ಸೀಮೆಯ ಮಕ್ಕಳ ಹೊರೆ

ಪುಸ್ತಕದಲ್ಲಿ ಬರೆದ ಹದಿಹರೆಯ ಎಲ್ಲ ದೇಶಕ್ಕೂ ಒಂದೇ. ಆದರೆ ಭೀಮಾ ತೀರದ ಮಕ್ಕಳಿಗೆ ಕೆಲವು ಹೊರೆಗಳು ಹೆಚ್ಚಾಗಿವೆ.

ಮೊದಲನೆಯದು ದುಡಿಯಲು ಹೋಗುವುದು. ನಮ್ಮ ಜಿಲ್ಲೆಯಿಂದ ಪ್ರತಿ ವರ್ಷ ಎಷ್ಟೋ ಕುಟುಂಬಗಳು ಪುಣೆ, ಮುಂಬೈ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಕೆಲವು ಮಕ್ಕಳು ತಂದೆತಾಯಿಯ ಜೊತೆ ಹೋಗಿ ಶಾಲೆ ಬಿಡುತ್ತಾರೆ. ಕೆಲವರು ನಾನಿಯ ಹತ್ತಿರ, ಅಜ್ಜಿಯ ಹತ್ತಿರ ಉಳಿಯುತ್ತಾರೆ. ಬೌಲ್ಬಿ ಹೇಳಿದ ಬಾಂಧವ್ಯದ ಮಾತು ಇಲ್ಲಿ ಮುಖ್ಯ. ಮಗುವಿಗೆ ತಾಯಿಯೇ ಇರಬೇಕೆಂದಿಲ್ಲ, ಪ್ರೀತಿಯಿಂದ ನೋಡಿಕೊಳ್ಳುವ ಒಬ್ಬ ಸ್ಥಿರವಾದ ಹಿರಿಯರು ಇದ್ದರೆ ಮಗು ಗಟ್ಟಿಯಾಗಿಯೇ ಬೆಳೆಯುತ್ತದೆ. ಎಷ್ಟೋ ಅಜ್ಜಿಯರು ಇದನ್ನು ಮಾಡಿ ತೋರಿಸಿದ್ದಾರೆ. ದೂರದಲ್ಲಿರುವ ತಂದೆತಾಯಿ ಹೇಳಿದ ಹೊತ್ತಿಗೆ ಫೋನ್ ಮಾಡುವುದು, ಬರುತ್ತೇನೆಂದ ದಿನ ಬರುವುದು ಆ ಮಗುವಿಗೆ ಕಳಿಸುವ ಹಣದಷ್ಟೇ ಮುಖ್ಯ. ಅಂಕಗಳನ್ನು ಮಾತ್ರ ಕೇಳದೆ "ಇವತ್ತು ಯಾರ ಜೊತೆ ಕೂತು ಊಟ ಮಾಡಿದಿ?" ಎಂದು ಕೇಳಿದರೆ ಇನ್ನೂ ಒಳ್ಳೆಯದು.

ಎರಡನೆಯದು ಹೊಳೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಗೆ ನೀರು ನುಗ್ಗಿತು. ಆಗ ನಾನು ಏಳನೆಯ ತರಗತಿ. ಕೊರೊನಾದಿಂದ ಶಾಲೆಯೂ ಮುಚ್ಚಿತ್ತು. ಇಂಥ ಆಪತ್ತಿನ ನಂತರ ಚಿಕ್ಕ ಮಕ್ಕಳು ಮತ್ತೆ ಹಾಸಿಗೆಯಲ್ಲಿ ಮೂತ್ರ ಮಾಡಬಹುದು, ತಾಯಿಯನ್ನು ಬಿಟ್ಟಿರಲು ಒಪ್ಪದಿರಬಹುದು, ಮೋಡ ಕಂಡರೆ ಅಳಬಹುದು. ದೊಡ್ಡ ಮಕ್ಕಳು ಮಾತು ಕಡಿಮೆ ಮಾಡಬಹುದು, ಸಿಡಿಮಿಡಿ ಎನ್ನಬಹುದು. ಇದು ಆಪತ್ತಿಗೆ ಮನಸ್ಸು ಕೊಡುವ ಸಹಜ ಉತ್ತರ. ಊಟ, ಆಟ, ಶಾಲೆ ಮತ್ತೆ ಹೊತ್ತಿಗೆ ಸರಿಯಾಗಿ ನಡೆದರೆ, ನಡೆದದ್ದನ್ನು ಹೇಳಿಕೊಳ್ಳಲು ಬಿಟ್ಟರೆ, ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ತಿಂಗಳು ಕಳೆದರೂ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಬೇಕು.

ಮೂರನೆಯದು ನನ್ನ ಗೆಳತಿಯರದ್ದು. ಪ್ರಥಮ ಪಿಯುಸಿಯಲ್ಲಿ ಪಕ್ಕದಲ್ಲಿ ಕುಳಿತವರು ದ್ವಿತೀಯ ಪಿಯುಸಿಗೆ ಬರದೇ ಹೋಗುವುದುಂಟು. ಓದು ನಿಲ್ಲಿಸಿದ್ದಾರೆ, ಮಾತು ಮುಗಿದಿದೆ, ಮದುವೆ ಗೊತ್ತಾಗಿದೆ ಎಂದು ಆಮೇಲೆ ಸುದ್ದಿ ಬರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಕಾನೂನಿನ ಮಾತು ಎಲ್ಲರಿಗೂ ಗೊತ್ತು. ಮನಸ್ಸಿನ ಮಾತು ಯಾರೂ ಹೇಳುವುದಿಲ್ಲ. "ನಾನು ಯಾರು?" ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಶುರು ಮಾಡಿದವಳಿಗೆ ಇನ್ನೊಬ್ಬರು ಉತ್ತರ ಬರೆದು ಕೊಟ್ಟಂತೆ ಅದು. ಆ ಹುಡುಗಿ ಅಳದೇ ಇರಬಹುದು, ಎದುರು ಮಾತಾಡದೇ ಇರಬಹುದು. ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದಲ್ಲ.

ಬೇಸರವೋ, ಕಾಯಿಲೆಯೋ?

ಬೇಸರ ಎಲ್ಲರಿಗೂ ಆಗುತ್ತದೆ. ಅದು ಯಾವಾಗ ಕಾಯಿಲೆ? ಈ ಪ್ರಶ್ನೆ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ ಎಂದು ಅವರು ಅಂದೇ ವಿಂಗಡಿಸಿದ್ದರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಅದರಲ್ಲಿ ನಾಚಿಕೆಯಿಲ್ಲ ಎಂಬ ತಿಳಿವಳಿಕೆ ಸಾವಿರ ವರ್ಷಗಳಿಂದ ಇದೆ.

ಇಂದಿನ ವೈದ್ಯರು ನೋಡುವ ಗುರುತುಗಳು ಹೀಗಿವೆ: ಎರಡು ವಾರ ಅಥವಾ ಹೆಚ್ಚು ದಿನ ಸತತವಾಗಿ ಬೇಸರ ಅಥವಾ ಸಿಡುಕು, ಮೊದಲು ಇಷ್ಟವಿದ್ದ ಕ್ರಿಕೆಟ್, ಮೆಹೆಂದಿ, ಗೆಳೆಯರ ಮಾತು ಯಾವುದೂ ಬೇಡವೆನಿಸುವುದು, ನಿದ್ದೆ, ಊಟ ಏರುಪೇರಾಗುವುದು, ಓದಿದ್ದು ತಲೆಗೆ ಹತ್ತದಿರುವುದು, ಕಾರಣವಿಲ್ಲದೆ ಪದೇ ಪದೇ ತಲೆನೋವು, ಹೊಟ್ಟೆನೋವು, "ನಾನು ಯಾರಿಗೂ ಬೇಡವಾದವ" ಎಂಬ ಮಾತು. ಇವು ಸೇರಿಕೊಂಡು ದಿನದ ಬದುಕನ್ನೇ ತಡೆದರೆ ಅದು ಖಿನ್ನತೆ ಇರಬಹುದು. ಹುಡುಗರಲ್ಲಿ ಇದು ಅಳುವಾಗಿ ಬರದೆ ಸಿಟ್ಟಾಗಿ ಬರುವುದೂ ಉಂಟು. "ಗಂಡಸಾಗಿ ಅಳ್ತಿಯಾ?" ಎಂದು ಕೇಳಿಸಿಕೊಂಡು ಬೆಳೆದವರಿಗೆ ಸಿಟ್ಟೊಂದೇ ಉಳಿದ ದಾರಿ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನೂರು ಜನರ ತರಗತಿಯಲ್ಲಿ ಏಳು ಮಂದಿ ಎಂದು ಲೆಕ್ಕ ಹಾಕಿ ನೋಡಿ. ಆ ಏಳು ಮಂದಿ ಯಾರೆಂದು ನಮಗೆ ಗೊತ್ತಿದೆಯೇ?

ನನಗೆ ಒಬ್ಬರು ಗೊತ್ತು. ನಮ್ಮ ಸಂಬಂಧಿಕರ ಹುಡುಗ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನಕ್ಕೆ ಸೇರಿದ್ದ. ಆರು ತಿಂಗಳಲ್ಲಿ ಮಾತು ನಿಂತಿತು, ಊಟ ಕಡಿಮೆಯಾಯಿತು, ಹಗಲೆಲ್ಲ ಚಾದರ ಹೊದ್ದು ಮಲಗತೊಡಗಿದ. ನಜರ್ ತಗುಲಿದೆ ಎಂದರು, ತಾಯತ ಕಟ್ಟಿಸಿದರು. ಸೋಮಾರಿ ಎಂದು ಬೈದವರೂ ಇದ್ದರು. ಅವನ ಆಪಾ ಮಾತ್ರ ದಿನಾಲೂ ಅವನ ಹಾಸಿಗೆಯ ಹತ್ತಿರ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಅವನೇ ಬಾಯಿಬಿಟ್ಟ. ಅವರು ಅಬ್ಬಾನನ್ನು ಒಪ್ಪಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ದುವಾ ಬೇಡ ಎನ್ನಲಿಲ್ಲ, "ದುವಾನೂ ಇರಲಿ, ದವಾನೂ ಇರಲಿ" ಎಂದರಂತೆ. ಮಾತುಕತೆ, ಔಷಧಿ ಎರಡೂ ನಡೆದವು. ಔಷಧಿ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ನಡುವೆ ಬಿಡಬಾರದು ಎಂದು ಮೊದಲೇ ತಿಳಿಸಿದ್ದರು. ಅವನು ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ವಿಜ್ಞಾನ ಬಿಟ್ಟು ವಾಣಿಜ್ಯ ತೆಗೆದುಕೊಂಡ. ಈಗಲೂ ಹಿಂದಿನ ಬೆಂಚಿನಲ್ಲೇ ಕೂರುತ್ತಾನೆ, ಆದರೆ ಬರುತ್ತಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.

ಯಾರ ಹತ್ತಿರ ಹೋಗಬೇಕು?

ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕು ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಹಳ್ಳಿಯ ಹತ್ತಿರದಲ್ಲಿಯೇ ಮನಸ್ಸಿನ ಚಿಕಿತ್ಸೆ ಸಿಗಬೇಕು ಎಂಬ ಪ್ರಯೋಗ ನಡೆದದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಇದು ಸಾಧ್ಯವೆಂದು ತೋರಿಸಿತು. "ಬಳ್ಳಾರಿ ಮಾದರಿ" ಎಂದೇ ಹೆಸರಾದ ಆ ಪ್ರಯೋಗದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂದು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ದೊಡ್ಡ ಆಸ್ಪತ್ರೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಯಾವ ದಿನ ಎಲ್ಲಿಗೆ ಹೋಗಬೇಕೆಂದು ವಿಚಾರಿಸಿ ಹೇಳುತ್ತಾರೆ.

ಹೋಗಲು ಆಗದವರು ಫೋನ್ ಮಾಡಬಹುದು. ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416. ದಿನದ 24 ತಾಸು ಉಚಿತ, ಕನ್ನಡದಲ್ಲಿ ಮಾತಾಡಬಹುದು. 18 ವರ್ಷದೊಳಗಿನವರು ಹೊಡೆತ, ಕಿರುಕುಳ, ಬಲವಂತದ ಮದುವೆ ಇಂಥ ಯಾವುದೇ ಸಂಕಟದಲ್ಲಿ 1098ಕ್ಕೆ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದವರಿಗೆ ಬೇಕಾಗಬಹುದು.

ಓದಲು ಇಷ್ಟವಿದ್ದವರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ವೈದ್ಯರಾಗಿದ್ದ ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಬಗ್ಗೆ ಸರಳ ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ.

ಗೆಳೆಯರಾಗಿ ನಾವೇನು ಮಾಡಬಹುದು?

ಹದಿಹರೆಯದವರು ಮೊದಲು ಬಾಯಿಬಿಡುವುದು ಮನೆಯವರ ಹತ್ತಿರವಲ್ಲ, ಗೆಳೆಯರ ಹತ್ತಿರ. ಆದ್ದರಿಂದ ನಾವು ಕೆಲವು ವಿಷಯ ತಿಳಿದಿರಬೇಕು.

ಗೆಳತಿ ಏಕಾಏಕಿ ಸುಮ್ಮನಾದರೆ "ಯಾಕ ಮುಖ ಸಣ್ಣ ಮಾಡ್ಕೊಂಡಿ?" ಎಂದು ಎಲ್ಲರೆದುರು ಕೇಳಬೇಡಿ. ಒಬ್ಬಳೇ ಇದ್ದಾಗ, ಬಸ್ ಸ್ಟ್ಯಾಂಡಿನಲ್ಲಿ, ನಡೆಯುತ್ತಾ ಕೇಳಿ. ಎದುರುಬದುರು ಕೂತಾಗ ಬಾರದ ಮಾತು ಜೊತೆಗೆ ನಡೆಯುವಾಗ ಬರುತ್ತದೆ. ಹೇಳತೊಡಗಿದರೆ ನಡುವೆ ಬುದ್ಧಿ ಹೇಳಬೇಡಿ. "ಇದೇನ ದೊಡ್ಡ ಮಾತು" ಎಂದು ತಳ್ಳಿಹಾಕಬೇಡಿ. ಕೇಳುವುದೇ ಅರ್ಧ ಸಹಾಯ.

ಗುಟ್ಟು ಕಾಪಾಡುವುದು ಸ್ನೇಹದ ಲಕ್ಷಣ. ಒಂದು ಗುಟ್ಟನ್ನು ಮಾತ್ರ ಕಾಪಾಡಬಾರದು. ಯಾರಾದರೂ "ನಾನು ಇರಬಾರದು", "ಸತ್ತರೆ ಚಲೋ" ಎಂದರೆ ಅದನ್ನು ನಾಟಕ ಎನ್ನಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ, ನಂಬಿಕೆಯ ಒಬ್ಬ ಹಿರಿಯರಿಗೆ ಆ ದಿನವೇ ತಿಳಿಸಿ, 14416ಕ್ಕೆ ಕರೆ ಮಾಡಿ. ನೇರವಾಗಿ ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಜೀವ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ.

ಈ ಪತ್ರಿಕೆಯನ್ನು ಮನೆಗೆ ಒಯ್ಯುವವರು ಕೊನೆಯ ಸಾಲುಗಳನ್ನು ಅಮ್ಮಿ-ಅಬ್ಬಾ, ಅವ್ವ-ಅಪ್ಪನಿಗೆ ಓದಿ ಹೇಳಿ. ನಮ್ಮನ್ನು ಬೇರೆಯವರ ಮಕ್ಕಳ ಅಂಕದೊಂದಿಗೆ ತೂಗಬೇಡಿ. ತಪ್ಪು ಮಾಡಿದಾಗ ತಪ್ಪನ್ನು ಬೈಯಿರಿ, ನಮ್ಮನ್ನೇ ಕೆಟ್ಟವರೆನ್ನಬೇಡಿ. ಕೋಣೆಯ ಬಾಗಿಲು ಮುಚ್ಚಿಕೊಂಡರೆ ಪ್ರತಿ ಸಲವೂ ಅನುಮಾನ ಪಡಬೇಡಿ, ವಾರಗಟ್ಟಲೆ ಮುಚ್ಚಿಕೊಂಡರೆ ಮಾತ್ರ ತಟ್ಟಿ ಕೇಳಿ. ದಿನಕ್ಕೆ ಹತ್ತು ನಿಮಿಷ ಓದಿನ ಮಾತು ಬಿಟ್ಟು ಬೇರೆ ಮಾತಾಡಿ. ಮಕ್ಕಳ ಮನಸ್ಸು ಕೇಳುವುದು ಅಷ್ಟನ್ನೇ, ಅದಕ್ಕೆ ಫೀ ಇಲ್ಲ.